ದಿನನಿತ್ಯದ ಕಂಪ್ಯೂಟರಿಗೆ ಎಸ್‌ಎಸ್‌ಡಿ ರೇಡ್ ಬೇಕಿಲ್ಲ

ಹೊಸ ಕಂಪ್ಯೂಟರ್ ಕಟ್ಟಲು ಹೊರಟವರು ತಪ್ಪದೇ ಕೇಳುವ ಪ್ರಶ್ನೆ ಒಂದಿದೆ. ಮದರ್‌ಬೋರ್ಡಿನಲ್ಲಿ ಎರಡು ಎಂ.2 ಸ್ಲಾಟ್ ಇವೆ, ಎರಡರಲ್ಲೂ ಎಸ್‌ಎಸ್‌ಡಿ (ಫ್ಲ್ಯಾಶ್ ಚಿಪ್ಪಿನಲ್ಲಿ ಡೇಟಾ ಇಡುವ ಡ್ರೈವ್) ಹಾಕಿ ರೇಡ್ 0 ಮಾಡಿದರೆ, ಅಂದರೆ ಎರಡನ್ನೂ ಜೋಡಿಸಿ ಒಂದೇ ಡ್ರೈವಿನಂತೆ ಬಳಸಿದರೆ, ಎಲ್ಲಾ ಕೆಲಸವೂ ಎರಡು ಪಟ್ಟು ಬೇಗ ಆಗುತ್ತದೆ ಅಲ್ವಾ?

ಆಗುವುದಿಲ್ಲ. ಬ್ರೌಸರ್, ಆಫೀಸ್ ಕೆಲಸ, ಸ್ವಲ್ಪ ಫೋಟೊ ಎಡಿಟಿಂಗ್, ಬಿಡುವಿದ್ದಾಗ ಒಂದು ಗೇಮ್, ಇಷ್ಟು ನಿಮ್ಮ ಬಳಕೆಯಾದರೆ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ವೇಗ ಅಳೆಯುವ ಬೆಂಚ್‌ಮಾರ್ಕ್ ಸಾಫ್ಟ್‌ವೇರಿನಲ್ಲಿ ಮಾತ್ರ ಸಂಖ್ಯೆ ಚೆನ್ನಾಗಿ ಬರುತ್ತದೆ. ಜನ ಆ ಸಂಖ್ಯೆ ನೋಡಿ ದುಡ್ಡು ಖರ್ಚು ಮಾಡುತ್ತಾರೆ, ಅದರ ಜೊತೆಗೆ ತಮ್ಮ ಫೈಲುಗಳನ್ನೂ ಅಪಾಯಕ್ಕೆ ಒಡ್ಡುತ್ತಾರೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ರೇಡ್ 0 ಮಾಡುವ ಕೆಲಸ ಸರಳ. ಫೈಲನ್ನು ತುಂಡು ಮಾಡಿ, ಒಂದು ತುಂಡು ಈ ಡ್ರೈವಿಗೆ, ಮುಂದಿನದು ಆ ಡ್ರೈವಿಗೆ ಅಂತ ಹಂಚುತ್ತದೆ. ತುಂಡಿನ ಗಾತ್ರ ಸಾಮಾನ್ಯವಾಗಿ 64 ಅಥವಾ 128 ಕೆಬಿ ಇರುತ್ತದೆ. ಹತ್ತಾರು ಜಿಬಿಯ ಒಂದೇ ವಿಡಿಯೊ ಫೈಲನ್ನು ಮೊದಲಿನಿಂದ ಕೊನೆಯವರೆಗೆ ಓದುವಾಗ ಎರಡೂ ಡ್ರೈವ್ ಒಟ್ಟಿಗೆ ದುಡಿಯುತ್ತವೆ, ವೇಗ ಹತ್ತಿರ ಹತ್ತಿರ ಎರಡು ಪಟ್ಟಾಗುತ್ತದೆ. ಇದು ನಿಜ, ಇದರಲ್ಲಿ ಜಗಳವಿಲ್ಲ.

ಆದರೆ ಕಂಪ್ಯೂಟರ್ ಆನ್ ಆಗುವಾಗ, ಒಂದು ಪ್ರೋಗ್ರಾಂ ತೆರೆಯುವಾಗ ಹೀಗೆ ನಡೆಯುವುದಿಲ್ಲ. ಆಗ ಸಾವಿರಾರು ಸಣ್ಣ ಸಣ್ಣ ಓದುಗಳು ನಡೆಯುತ್ತವೆ, ಬಹಳಷ್ಟು 4 ಕೆಬಿ, 16 ಕೆಬಿ ಮಟ್ಟದವು. ಅದರಲ್ಲೂ ಒಂದು ಓದು ಮುಗಿದ ಮೇಲೇ ಮುಂದೆ ಏನು ಓದಬೇಕು ಅಂತ ಪ್ರೋಗ್ರಾಮಿಗೆ ಗೊತ್ತಾಗುವುದು, ಹಾಗಾಗಿ ಒಂದೇ ಸಲ ನೂರು ಕೇಳಿ ಇಟ್ಟುಕೊಳ್ಳುವ ಹಾಗೂ ಇಲ್ಲ. 4 ಕೆಬಿ ಓದು ಒಂದೇ ತುಂಡಿನೊಳಗೆ, ಅಂದರೆ ಒಂದೇ ಡ್ರೈವಿನಲ್ಲಿ ಮುಗಿಯುತ್ತದೆ. ಆಗ ಇನ್ನೊಂದು ಡ್ರೈವ್ ಸುಮ್ನೆ ಕೂತಿರುತ್ತದೆ. ಒಂದೇ ಒಂದು ಕಾಗದ ತರಲು ಇಬ್ಬರನ್ನು ಕಳಿಸಿದರೆ ಅದು ಬೇಗ ಬರುತ್ತದೆಯೇ?

ಲೆಕ್ಕ ಹಾಕಿ ನೋಡಿ. ಒಳ್ಳೆಯ ಎನ್‌ವಿಎಂಇ ಡ್ರೈವ್ (ಎಂ.2 ಸ್ಲಾಟಿಗೆ ಹಾಕುವ ವೇಗದ ಎಸ್‌ಎಸ್‌ಡಿ) ಒಂದು ಸಣ್ಣ ಓದಿಗೆ ಉತ್ತರ ಕೊಡಲು ಸುಮಾರು 60 ಮೈಕ್ರೊಸೆಕೆಂಡ್ ತೆಗೆದುಕೊಳ್ಳುತ್ತದೆ ಅಂತಿಟ್ಟುಕೊಳ್ಳೋಣ. ಒಂದಾದ ಮೇಲೆ ಒಂದರಂತೆ 4 ಕೆಬಿ ಓದುತ್ತಾ ಹೋದರೆ ಸೆಕೆಂಡಿಗೆ 70 ಎಂಬಿ ಕೂಡ ಆಗುವುದಿಲ್ಲ. ಡಬ್ಬಿಯ ಮೇಲೆ ಬರೆದಿರುವುದು 7000 ಎಂಬಿ! ನೂರರಲ್ಲಿ ಒಂದು ಭಾಗವೂ ಸಿಗದ ಕಡೆ ಆ 7000ವನ್ನು 14000 ಮಾಡಿ ಏನು ಪ್ರಯೋಜನ? ಇಲ್ಲಿ ಕಾಯಿಸುತ್ತಿರುವುದು ಆ 60 ಮೈಕ್ರೊಸೆಕೆಂಡ್. ರೇಡ್ ಅದನ್ನು ಒಂದಿಷ್ಟೂ ಕಡಿಮೆ ಮಾಡುವುದಿಲ್ಲ. ನಡುವೆ ಇನ್ನೊಂದು ಪದರದ ಸಾಫ್ಟ್‌ವೇರ್ ಬಂದಿರುವುದರಿಂದ ಚೂರು ಜಾಸ್ತಿಯೇ ಆಗಬಹುದು.

ಹಾಗಾದರೆ ಹಾರ್ಡ್ ಡಿಸ್ಕಿನಿಂದ ಎಸ್‌ಎಸ್‌ಡಿಗೆ ಬಂದಾಗ ಅಷ್ಟು ದೊಡ್ಡ ಬದಲಾವಣೆ ಹೇಗೆ ಕಂಡಿತು? ಅದಕ್ಕೂ ಕಾರಣ ಇದೇ ಕಾಯುವ ಸಮಯ. 7200 ಆರ್‌ಪಿಎಂ ಡಿಸ್ಕ್ ಒಂದು ಸುತ್ತು ಸುತ್ತಲು 8.3 ಮಿಲಿಸೆಕೆಂಡ್ ಬೇಕು. ಬೇಕಾದ ಜಾಗ ಹೆಡ್ಡಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅದಕ್ಕೆ ಮೊದಲು ಹೆಡ್ಡು ಆ ಜಾಗಕ್ಕೆ ಸರಿಯಲು ಇನ್ನೊಂದು ಎಂಟೊಂಬತ್ತು ಮಿಲಿಸೆಕೆಂಡ್. ಒಟ್ಟು ಹನ್ನೆರಡು, ಹದಿಮೂರು. ಅಲ್ಲಿಂದ 0.06 ಮಿಲಿಸೆಕೆಂಡಿಗೆ ಇಳಿದರೆ ಇನ್ನೂರು ಪಟ್ಟು ಕಡಿಮೆಯಾಯಿತು. ಕಂಪ್ಯೂಟರಿಗೆ ಹೊಸ ಜೀವ ಬಂದಂತೆ ಅನ್ನಿಸಿದ್ದು ಅದಕ್ಕೆ. ಎರಡನೇ ಎಸ್‌ಎಸ್‌ಡಿ ಸೇರಿಸಿದರೆ ಅದೇ ಅನುಭವ ಮತ್ತೊಮ್ಮೆ ಸಿಗುತ್ತದೆ ಅಂತ ಕಾಯಬೇಡಿ.

ಇನ್ನೊಂದು ವಿಷಯ ಎಷ್ಟೋ ಜನ ಗಮನಿಸುವುದೇ ಇಲ್ಲ. ಎಸ್‌ಎಸ್‌ಡಿ ಒಳಗಡೆಯೇ ಈ ಹಂಚುವ ಕೆಲಸ ನಡೆಯುತ್ತಿರುತ್ತದೆ. ಅದನ್ನು ನಡೆಸುವ ಕಂಟ್ರೋಲರ್ ಚಿಪ್ಪಿನಿಂದ ನಾಲ್ಕು ಅಥವಾ ಎಂಟು ಚಾನಲ್‌ಗಳು ಹೊರಟು ಹತ್ತಾರು ಫ್ಲ್ಯಾಶ್ ಡೈಗಳಿಗೆ (ಡೇಟಾ ಉಳಿಯುವ ಚಿಪ್ ತುಂಡುಗಳಿಗೆ) ಹೋಗುತ್ತವೆ, ಡೇಟಾ ಎಲ್ಲದಕ್ಕೂ ಹಂಚಿ ಬರೆಯಲ್ಪಡುತ್ತದೆ. ಒಂದೇ ಮಾಡೆಲ್ಲಿನಲ್ಲಿ 500 ಜಿಬಿಗಿಂತ 1 ಟಿಬಿ ಡ್ರೈವ್ ಸಾಮಾನ್ಯವಾಗಿ ವೇಗವಾಗಿ ಬರೆಯುವುದು ಇದಕ್ಕೇ, ಅದರಲ್ಲಿ ಒಟ್ಟಿಗೆ ದುಡಿಯುವ ಡೈಗಳು ಜಾಸ್ತಿ. ಆದ್ದರಿಂದ ಎರಡು ಸಣ್ಣ ಡ್ರೈವ್ ತಂದು ರೇಡ್ ಮಾಡುವ ಬದಲು ಒಂದು ದೊಡ್ಡದನ್ನು ತನ್ನಿ ಅಂತಲೇ ನಾನು ಹೇಳುವುದು.

ಗೇಮ್ ಆಡುವವರು ಲೋಡಿಂಗ್ ಸಮಯದ ಮಾತು ತೆಗೆಯುತ್ತಾರೆ. ಅಲ್ಲೂ ಅಷ್ಟೇ. ಕುಗ್ಗಿಸಿಟ್ಟ ಡೇಟಾವನ್ನು ಓದಿದ ಮೇಲೆ ಬಿಚ್ಚಬೇಕು, ಶೇಡರ್ (ಚಿತ್ರ ಬಿಡಿಸುವ ಸಣ್ಣ ಪ್ರೋಗ್ರಾಂ) ತಯಾರು ಮಾಡಬೇಕು, ಲೆವೆಲ್ ಕಟ್ಟಬೇಕು. ಇದರಲ್ಲಿ ಬಹುಪಾಲು ಪ್ರೊಸೆಸರಿನ ತಲೆ ಮೇಲೆ ಬೀಳುತ್ತದೆ. ಹದಿನೈದು ಸೆಕೆಂಡಿನ ಲೋಡಿಂಗಿನಲ್ಲಿ ಡ್ರೈವಿಗಾಗಿ ಕಾದದ್ದು ಮೂರು ಸೆಕೆಂಡ್ ಆಗಿದ್ದರೆ, ಆ ಮೂರನ್ನು ಪೂರ್ತಿ ಸೊನ್ನೆ ಮಾಡಿದರೂ ಹನ್ನೆರಡು ಹಾಗೇ ಉಳಿಯುತ್ತದೆ. ಹಳೆಯ ಬಗೆಯ ಕೇಬಲ್ಲಿನಲ್ಲಿ ಜೋಡಿಸುವ ಸಾಟಾ ಎಸ್‌ಎಸ್‌ಡಿಗೂ ವೇಗದ ಎನ್‌ವಿಎಂಇಗೂ ಎಷ್ಟೋ ಗೇಮುಗಳಲ್ಲಿ ಒಂದೆರಡು ಸೆಕೆಂಡಿನ ಅಂತರ ಮಾತ್ರ ಇರುವುದು ಇದೇ ಕಾರಣಕ್ಕೆ.

ರೇಡ್ ಅನ್ನು ಪೂರ್ತಿ ಬೈಯುವ ಉದ್ದೇಶ ನನಗಿಲ್ಲ. 1988ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್, ಕ್ಯಾಟ್ಜ್ ಈ ಯೋಚನೆಯನ್ನು ಮುಂದಿಟ್ಟಾಗ ಅದು ನಿಜಕ್ಕೂ ಬೇಕಾಗಿತ್ತು: ಒಂದು ದುಬಾರಿ ದೊಡ್ಡ ಡಿಸ್ಕಿನ ಬದಲು ಅಗ್ಗದ ಸಣ್ಣ ಡಿಸ್ಕುಗಳ ಗುಂಪು. ಎಸ್‌ಎಸ್‌ಡಿಗಳು ಸಾಟಾ ಕೇಬಲ್ಲಿಗೆ ಕಟ್ಟಿಕೊಂಡಿದ್ದ ಕಾಲದಲ್ಲೂ ಅರ್ಥವಿತ್ತು. ಆ ಕೇಬಲ್ ಸೆಕೆಂಡಿಗೆ 550 ಎಂಬಿ ಆಸುಪಾಸಿನಲ್ಲಿ ನಿಂತುಬಿಡುತ್ತದೆ, ಎರಡು ಸೇರಿಸಿದರೆ 1100 ಸಿಗುತ್ತಿತ್ತು. ಈಗ ಮದರ್‌ಬೋರ್ಡಿನ ಪಿಸಿಐಇ 3.0 ದಾರಿ ಬಳಸುವ ಸಾಮಾನ್ಯ ಎನ್‌ವಿಎಂಇ ಡ್ರೈವ್ ಒಂದೇ 3500 ಎಂಬಿ ಮುಟ್ಟುತ್ತದೆ. ಹಳೆಯ ಎರಡು ಸಾಟಾ ಡ್ರೈವ್ ಜೋಡಿಸಲು ಕೂರುವವರು ಇದನ್ನೊಮ್ಮೆ ಯೋಚಿಸಬೇಕು.

ಎನ್‌ವಿಎಂಇ ಎರಡನ್ನು ಜೋಡಿಸುವವರಿಗೂ ಒಂದು ಮಾತು. ಹಲವು ಬೋರ್ಡುಗಳಲ್ಲಿ ಸ್ಲಾಟುಗಳು ಚಿಪ್‌ಸೆಟ್ (ಬೋರ್ಡಿನ ಇತರ ಭಾಗಗಳನ್ನು ಪ್ರೊಸೆಸರಿಗೆ ಜೋಡಿಸುವ ಚಿಪ್) ಮೂಲಕ ಪ್ರೊಸೆಸರ್ ತಲುಪುತ್ತವೆ. ಚಿಪ್‌ಸೆಟ್ಟಿಗೂ ಪ್ರೊಸೆಸರಿಗೂ ನಡುವಿನ ದಾರಿ ಇಂಟೆಲ್‌ನ ಡಿಎಂಐ 3.0 ಆಗಿರುವ ಬೋರ್ಡುಗಳಲ್ಲಿ ಆ ದಾರಿಯ ಸಾಮರ್ಥ್ಯವೇ ಸೆಕೆಂಡಿಗೆ ಸುಮಾರು 3.9 ಜಿಬಿ. 3500ರ ಎರಡು ಡ್ರೈವ್ ಅಲ್ಲಿ ಹಾಕಿ ರೇಡ್ 0 ಮಾಡಿದರೆ ದೊಡ್ಡ ಫೈಲಿನಲ್ಲೂ ಎರಡು ಪಟ್ಟು ಸಿಗುವುದಿಲ್ಲ, ದಾರಿಯೇ ಸಾಲದು.

ಈಗ ನನಗೆ ನಿಜವಾಗಿ ಚಿಂತೆಯಾಗುವ ಭಾಗ. ರೇಡ್ 0ರಲ್ಲಿ ಯಾವುದೇ ಒಂದು ಡ್ರೈವ್ ಕೆಟ್ಟರೂ ಎರಡರಲ್ಲಿರುವ ಎಲ್ಲವೂ ಹೋಗುತ್ತದೆ. ಉಳಿದ ಡ್ರೈವಿನಲ್ಲಿ ಇರುವುದು ಫೈಲುಗಳ ಅರ್ಧರ್ಧ ಚೂರು, ಅದರಿಂದ ಮಗುವಿನ ಫೋಟೊ ಒಂದನ್ನೂ ನೆಟ್ಟಗೆ ತೆಗೆಯಲಾಗುವುದಿಲ್ಲ. ಒಂದು ಡ್ರೈವ್ ಕೆಡುವ ಸಾಧ್ಯತೆ ನೂರಕ್ಕೆ 2 ಅಂದುಕೊಂಡರೆ ಎರಡು ಸೇರಿದಾಗ ಅದು 3.96, ಹತ್ತಿರ ಹತ್ತಿರ ಎರಡು ಪಟ್ಟು. ದಿನನಿತ್ಯದ ಕೆಲಸದ ವೇಗ ಎರಡು ಪಟ್ಟಾಗಲಿಲ್ಲ, ಅಪಾಯ ಮಾತ್ರ ಆಯಿತು. ಡ್ರೈವ್ ಕೆಡಲೇಬೇಕು ಅಂತಲೂ ಇಲ್ಲ. ಬಯಾಸ್ (ಕಂಪ್ಯೂಟರ್ ಆನ್ ಆದೊಡನೆ ಓಡುವ ಬೋರ್ಡಿನ ಸಾಫ್ಟ್‌ವೇರ್) ಅಪ್‌ಡೇಟ್ ಆದ ಮೇಲೆ ಸೆಟ್ಟಿಂಗ್ ಮೊದಲಿನಂತಾಗಿ ರೇಡ್ ಮೋಡ್ ಆಫ್ ಆದರೆ ವಿಂಡೋಸ್ ಬೂಟ್ ಆಗುವುದಿಲ್ಲ. ಆಗ ಗಾಬರಿಯಲ್ಲಿ ಏನೋ ಒತ್ತಿ, ಚೆನ್ನಾಗಿದ್ದ ಡೇಟಾವನ್ನು ತಾವೇ ಅಳಿಸಿಕೊಳ್ಳುವ ಸಾಧ್ಯತೆ ಬಹಳ. ಬೋರ್ಡ್ ಸುಟ್ಟರೂ ಅಷ್ಟೇ. ಒಂಟಿ ಡ್ರೈವಾದರೆ ಕಿತ್ತು ಇನ್ನೊಂದು ಕಂಪ್ಯೂಟರಿಗೆ ಹಾಕಿ ಓದಬಹುದು, ಬೋರ್ಡಿನ ರೇಡ್ ಆದರೆ ಅದೇ ಜಾತಿಯ ಬೋರ್ಡ್ ಹುಡುಕಬೇಕಾಗಬಹುದು.

ರೇಡ್ 1 ಬೇರೆ. ಎರಡರಲ್ಲೂ ಒಂದೇ ಡೇಟಾ, ಒಂದು ಸತ್ತರೂ ಕೆಲಸ ನಿಲ್ಲುವುದಿಲ್ಲ. ಕೆಲಸ ಒಂದು ಗಂಟೆಯೂ ನಿಲ್ಲಬಾರದು ಅನ್ನುವವರಿಗೆ ಒಳ್ಳೆಯದು. ಆದರೆ ಅದನ್ನು ಬ್ಯಾಕಪ್ ಅಂತ ನಂಬಬೇಡಿ. ತಪ್ಪಿ ಅಳಿಸಿದ ಫೈಲ್ ಎರಡರಲ್ಲೂ ಆ ಕ್ಷಣವೇ ಅಳಿದಿರುತ್ತದೆ, ರ‍್ಯಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್) ಬಂದರೆ ಎರಡನ್ನೂ ಒಟ್ಟಿಗೇ ಹಾಳುಮಾಡುತ್ತದೆ.

ಯಾರಿಗೆ ರೇಡ್ 0 ಬೇಕು? ಕಂಪ್ರೆಸ್ ಮಾಡದ 8ಕೆ ವಿಡಿಯೊ ಎಡಿಟ್ ಮಾಡುವವರು, ನೂರಾರು ಜಿಬಿಯ ತಾತ್ಕಾಲಿಕ ಫೈಲ್ ಬರೆದು ಅಳಿಸುವವರು, ಅದೂ ಮೂಲ ಫೈಲಿನ ಪ್ರತಿ ಬೇರೆ ಕಡೆ ಇರುವಾಗ. ಒಂದೇ ಹೊತ್ತಿಗೆ ನೂರಾರು ಕೋರಿಕೆ ಬರುವ ಡೇಟಾಬೇಸ್ ಸರ್ವರುಗಳಿಗೂ ಡ್ರೈವ್ ಜೋಡಿಸುವುದರಿಂದ ಲಾಭ ಇದೆ, ಏಕೆಂದರೆ ಅಲ್ಲಿ ಎಲ್ಲಾ ಡ್ರೈವಿಗೂ ಕೆಲಸ ಸಿಗುತ್ತದೆ. ದೊಡ್ಡ ಫೈಲ್ ಕಾಪಿ ಬೇಗ ಆಗಲಿ ಅನ್ನುವವರು ಇನ್ನೊಂದು ತುದಿಯನ್ನೂ ನೋಡಬೇಕು. 1 ಗಿಗಾಬಿಟ್ ನೆಟ್‌ವರ್ಕಿನಲ್ಲಿ ಸೆಕೆಂಡಿಗೆ 125 ಎಂಬಿ ದಾಟುವುದಿಲ್ಲ, ಈ ಕಡೆ ಎಷ್ಟು ಡ್ರೈವ್ ಜೋಡಿಸಿದರೂ ಸರಿ.

ನಿಮ್ಮ ಕಂಪ್ಯೂಟರ್ ನಿಧಾನ ಅನ್ನಿಸುತ್ತಿದ್ದರೆ ಮೊದಲು ಅಳೆಯಿರಿ. ವಿಂಡೋಸ್‌ನಲ್ಲಿ ರಿಸೋರ್ಸ್ ಮಾನಿಟರ್ ತೆರೆದು ಡಿಸ್ಕ್ ಕ್ಯೂ ಲೆಂತ್ (ಡ್ರೈವಿನ ಮುಂದೆ ಕಾಯುತ್ತಿರುವ ಕೋರಿಕೆಗಳ ಸಂಖ್ಯೆ) ನೋಡುತ್ತಾ ನಿಮ್ಮ ಮಾಮೂಲಿ ಕೆಲಸ ಮಾಡಿ. ಹೆಚ್ಚು ಹೊತ್ತು ಅದು ಒಂದರ ಕೆಳಗೇ ಇದ್ದರೆ ಎರಡನೇ ಡ್ರೈವಿಗೆ ಕೊಡಲು ಅಲ್ಲಿ ಕೆಲಸವೇ ಇಲ್ಲ. ರ‍್ಯಾಮ್ ತುಂಬಿಹೋಗಿ ಪೇಜ್ ಫೈಲಿಗೆ (ಆಗ ವಿಂಡೋಸ್ ಡ್ರೈವಿನಲ್ಲಿ ಬಳಸುವ ಫೈಲ್) ಬರೆಯುತ್ತಿದೆಯಾ ನೋಡಿ, ಹಾಗಿದ್ದರೆ ಆ ದುಡ್ಡು ರ‍್ಯಾಮಿಗೆ ಹಾಕಿ. ಈಗಾಗಲೇ ಎರಡು ಎಸ್‌ಎಸ್‌ಡಿ ಕೈಯಲ್ಲಿದ್ದರೆ ಬೇರೆ ಬೇರೆಯಾಗಿಯೇ ಬಿಡಿ. ಒಂದರಲ್ಲಿ ವಿಂಡೋಸ್ ಮತ್ತು ಪ್ರೋಗ್ರಾಂಗಳು, ಇನ್ನೊಂದರಲ್ಲಿ ಕೆಲಸದ ಫೈಲುಗಳು. ಆ ಫೈಲುಗಳ ಬ್ಯಾಕಪ್ ಮಾತ್ರ ಕಂಪ್ಯೂಟರಿನ ಹೊರಗೆ, ಕೇಬಲ್ ಕಿತ್ತಿಟ್ಟ ಇನ್ನೊಂದು ಡ್ರೈವಿನಲ್ಲಿ ಇರಲಿ.