ಅಡಗಿಕೊಳ್ಳುವುದು ಹೇಗೆ? ಬಯಲಲ್ಲಿ ಓಡಿ!

ಶತ್ರುಗಳ ನೆಲದಲ್ಲಿ ನಿಮ್ಮ ಯುದ್ಧವಿಮಾನ ಬಿತ್ತು ಅಂತಿಟ್ಟುಕೊಳ್ಳಿ. ಪ್ಯಾರಾಚೂಟ್ ಹಿಡಿದು ಇಳಿದಿದ್ದೀರಿ. ಮುಂದೇನು? ಹಾಲಿವುಡ್ ಹತ್ತಿರ ಉತ್ತರ ಇದೆ. ಒಂದು ಗಿಡವೂ ಇಲ್ಲದ ಬಯಲು ಹುಡುಕಿ. ಒಳ್ಳೆ ಬೆಳಕಿರಲಿ, ಕ್ಯಾಮೆರಾಗೆ ಬೇಕು. ಆಮೇಲೆ ನಟ್ಟನಡುವೆ ಓಡಿ. ಗುಂಡಿನ ಬಗ್ಗೆ ಚಿಂತೆ ಬೇಡ. ಹೀರೋ ಯಾರು ಅಂತ ಅದಕ್ಕೆ ಗೊತ್ತಿರುತ್ತದೆ, ಪಕ್ಕಕ್ಕೆ ಸರಿದು ಹೋಗುತ್ತದೆ.

2001ರ ‘ಬಿಹೈಂಡ್ ಎನಿಮಿ ಲೈನ್ಸ್’ ಸಿನಿಮಾದಲ್ಲಿ ಪೈಲಟ್ ಪಡೆಯ ಹೀರೋ ಆಗಿ ನಟ ಓವೆನ್ ವಿಲ್ಸನ್ ಯುರೋಪಿನ ಬೋಸ್ನಿಯಾ ತುಂಬಾ ಹೀಗೇ ಓಡುತ್ತಾನೆ. ಕೊನೆಗೆ ಅವನನ್ನು ಕರೆತರಲು ಅಡ್ಮಿರಲ್ ಸಾಹೇಬರೇ ಹೆಲಿಕಾಪ್ಟರ್ ಹತ್ತುತ್ತಾರೆ. ಹಡಗುಗಳ ಪಡೆ ನೋಡಿಕೊಳ್ಳೋಕೆ ಯಾರಾದರೂ ಇದ್ದೇ ಇರುತ್ತಾರೆ ಬಿಡಿ.

ಬೋಸ್ನಿಯಾದಲ್ಲಿ ನಿಜಕ್ಕೂ ಬಿದ್ದವರು ಅಮೆರಿಕದ ವಾಯುಪಡೆಯ ಸ್ಕಾಟ್ ಓಗ್ರೇಡಿ. 1995ರ ಜೂನ್ 2ರಂದು, ಅಲ್ಲಿ ಯುದ್ಧ ಮಾಡುತ್ತಿದ್ದ ಸರ್ಬ್ ಪಡೆಯ ಕ್ಷಿಪಣಿ ಅವರ ಎಫ್-16 ಯುದ್ಧವಿಮಾನಕ್ಕೆ ಬಡಿಯಿತು. ಇಳಿದವರು ಕಾಡಿಗೆ ನುಗ್ಗಿ ನೆಲಕ್ಕೆ ಮುಖ ಒತ್ತಿ ಮಲಗಿದರು. ಹಸಿರು ಕೈಗವಸಿನಿಂದ ಮುಖ, ಕಿವಿ ಮುಚ್ಚಿಕೊಂಡರು. ಹುಡುಕುವವರು ಕೆಲವೇ ಅಡಿ ದೂರದಲ್ಲಿ ಓಡಾಡಿದರು. ಇವರು ಅಲುಗಾಡಲಿಲ್ಲ. ಹಗಲೆಲ್ಲಾ ಅಡಗಿ, ಜಾಗ ಬದಲಿಸಬೇಕಾದರೆ ರಾತ್ರಿ ಬದಲಿಸಿದರು. ಎಲೆ ತಿಂದರು, ಹುಲ್ಲು ತಿಂದರು, ಇರುವೆ ತಿಂದರು. ಒದ್ದೆ ಕಾಲುಚೀಲ ಹಿಂಡಿ ನೀರು ಕುಡಿದರು. ಜೂನ್ 8ರಂದು ಮರೀನ್ ಪಡೆ ಬಂದು ಎತ್ತಿಕೊಂಡು ಹೋಯಿತು. ಊರೆಲ್ಲಾ ಹೀರೋ ಅಂದಾಗ ಓಗ್ರೇಡಿ, ನಾನು ಹೆದರಿ ಅಡಗಿದ್ದ ಒಂದು ಮೊಲ ಅಷ್ಟೇ ಅಂದುಬಿಟ್ಟರು.

ಪಾಪ, ನಿರ್ಮಾಪಕರ ಕಷ್ಟ ನೋಡಿ. ಆರು ದಿನ ಹೆಚ್ಚುಕಮ್ಮಿ ಮೌನ. ಹೀರೋ ಬಾಯಲ್ಲಿ ಇರುವೆ. ದುಡ್ಡು ಸುರಿದು ಸ್ಟಾರ್ ಕರೆಸಿ, ಮುಖವೇ ಕಾಣದ ಹಾಗೆ ಬೋರಲು ಮಲಗಿಸೋಕಾಗುತ್ತಾ? ಕಾಲುಚೀಲ ಹಿಂಡುವ ದೃಶ್ಯಕ್ಕೆ ಯಾವ ಹಿನ್ನೆಲೆ ಸಂಗೀತ ಕೂಡಿಸಬೇಕು? ಪಾಪ್‌ಕಾರ್ನ್ ತಿನ್ನುವವರ ಗತಿ ಏನು? ಹಾಗಾಗಿ ಮೊಲಕ್ಕೆ ಬೂಟು ಹಾಕಿ ಓಡಿಸಿದರು.

ಸಿನಿಮಾ ಮಾಡಿದವರ ವಿರುದ್ಧ ಓಗ್ರೇಡಿ 2002ರಲ್ಲಿ ಕೋರ್ಟಿಗೆ ಹೋದರು. ನನ್ನ ಕಥೆಯನ್ನು ಕೇಳದೆ ಬಳಸಿದ್ದೀರಿ ಅನ್ನೋದು ಒಂದು ದೂರು. ಇನ್ನೊಂದು ಇನ್ನೂ ಚೆಂದ: ನಿಮ್ಮ ಹೀರೋ ಕೆಟ್ಟ ಮಾತಾಡುತ್ತಾನೆ, ಮೇಲಧಿಕಾರಿಗಳ ಆದೇಶ ಮೀರುತ್ತಾನೆ. ಕ್ಷಿಪಣಿ ತಡೆದುಕೊಂಡರು, ಇರುವೆ ನುಂಗಿದರು, ಆ ಬೈಗುಳ ಮಾತ್ರ ಗಂಟಲಲ್ಲಿ ಇಳಿಯಲಿಲ್ಲ! 2004ರಲ್ಲಿ ರಾಜಿಯಾಯಿತು.

ಓಟ ಮಾತ್ರ ನಿಲ್ಲಲಿಲ್ಲ. ಅದೇ ಹೆಸರಿನಲ್ಲಿ ಇನ್ನೂ ಮೂರು ಸಿನಿಮಾ ಬಂದವು: 2006ರಲ್ಲಿ ಉತ್ತರ ಕೊರಿಯಾ, 2009ರಲ್ಲಿ ಕೊಲಂಬಿಯಾ, 2014ರಲ್ಲಿ ಕಾಂಗೋ. ಈ ಸಲ ವಿಮಾನ ಬೀಳುವವರೆಗೆ ಕಾಯುವ ತಾಳ್ಮೆಯೂ ಇರಲಿಲ್ಲ. ನೌಕಾಪಡೆಯ ಕಮಾಂಡೊಗಳನ್ನೇ ನೇರವಾಗಿ ಇಳಿಸಿಬಿಟ್ಟರು.