ಕುದುರೆ ಮಾರಿದರೆ ಕಾದಂಬರಿ ಮುಗಿಯುತ್ತಾ?

"ಆ ಕುದುರೆ ಮಾರಿಬಿಡಿ, ಕಾದಂಬರಿ ತಾನಾಗೇ ಮುಗಿಯುತ್ತೆ." ನನ್ನ ಬರವಣಿಗೆಯ ವಿಷಯ ಬಂದಾಗಲೆಲ್ಲ ಯಾರಾದರೊಬ್ಬರು ಈ ಮಾತು ಹೇಳುತ್ತಾರೆ. ಒಳ್ಳೆ ಮನಸ್ಸಿಂದಲೇ ಹೇಳುತ್ತಾರೆ. ಹೋದ ವಾರ ನನಗೆ ತುಂಬ ಬೇಕಾದವರೇ ಹೇಳಿದರು. ಫೋನಿನಲ್ಲಿ ಎರಡು ಮಾತಲ್ಲಿ ಮುಗಿಸುವ ಉತ್ತರ ಅಲ್ಲ ಅದು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ, ಪುರುಸೊತ್ತಿದ್ದಾಗ ಓದಿ.

ಹೊಸಬರಿಗೆ ಸ್ವಲ್ಪ ಹಿನ್ನೆಲೆ. ನನ್ನ ಕೆಲಸ ಮಲ್ಲೇಶ್ವರದ ಒಂದು ಆಡಿಟರ್ ಆಫೀಸಿನಲ್ಲಿ. ಮನೆ ವಿದ್ಯಾರಣ್ಯಪುರ. ಹೆಸರಘಟ್ಟದ ಕಡೆ ಒಂದು ಲಾಯದಲ್ಲಿ ನನ್ನ ಕುದುರೆ ಇದೆ. ಹೆಸರು ಚಿನ್ನಿ. ಒಂದು ಕಾಲಕ್ಕೆ ರೇಸಿನಲ್ಲಿ ಓಡಿದ ಕುದುರೆ, ಈಗ 16 ವರ್ಷ. ಇದರ ಜೊತೆಗೆ ಒಂದು ಕಾದಂಬರಿ, ಅರ್ಧಕ್ಕಿಂತ ಸ್ವಲ್ಪ ಮುಂದೆ ಬಂದು ನಿಂತಿದೆ.

ಕಾದಂಬರಿ ಮೈಸೂರು ಲ್ಯಾನ್ಸರ್ಸ್ ಬಗ್ಗೆ, ಅಂದರೆ ಮೈಸೂರು ಮಹಾರಾಜರ ಕುದುರೆ ಪಡೆ. ಜೆ.ಸಿ. ನಗರದಲ್ಲಿ ಅವರ ಸ್ಮಾರಕ ಇದೆ. ದಿನಾ ಅದರ ಪಕ್ಕದಲ್ಲೇ ಓಡಾಡುವ ಎಷ್ಟೋ ಜನಕ್ಕೆ ಅದು ಯಾರದ್ದು ಅಂತ ಗೊತ್ತಿಲ್ಲ. ಮೊದಲ ಮಹಾಯುದ್ಧ ಶುರುವಾದಾಗ, 1914ರಲ್ಲಿ, ನಮ್ಮ ಮೈಸೂರಿನ ಸವಾರರು ಕುದುರೆಗಳ ಸಮೇತ ಹಡಗು ಹತ್ತಿ ಈಜಿಪ್ಟಿಗೆ ಹೋದರು. 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾ ಊರನ್ನು ಜೋಧಪುರದ ಸವಾರರ ಜೊತೆ ಸೇರಿ ಗೆದ್ದರು. ಎದುರಿಗೆ ತುರ್ಕಿ ಸೈನ್ಯದ ಮೆಷಿನ್ ಗನ್, ಫಿರಂಗಿ. ಇವರ ಕೈಯಲ್ಲಿ ಈಟಿ, ಕತ್ತಿ. ಕಾರ್ಮೆಲ್ ಬೆಟ್ಟದ ಮೇಲಿದ್ದ ಫಿರಂಗಿಗಳ ಬಾಯಿ ಮುಚ್ಚಿಸಲು ಕಡಿದಾದ ಏರು ಹತ್ತಿದ್ದು ಮೈಸೂರಿನ ತುಕಡಿ. ದೆಹಲಿಯ ತೀನ್ ಮೂರ್ತಿಯಲ್ಲಿ ನಿಂತಿರುವ ಮೂವರು ಸೈನಿಕರು ಹೈದರಾಬಾದ್, ಜೋಧಪುರ ಮತ್ತು ಮೈಸೂರಿನ ಪಡೆಗಳ ಗುರುತು.

ನನ್ನ ಕಥಾನಾಯಕ ಸವಾರ ಅಲ್ಲ. ಸೈಸ್. ಕುದುರೆಗೆ ನೀರು ಕುಡಿಸಿ, ಹುರುಳಿ ನೆನೆಹಾಕಿ, ಮಾಲೀಸು ಮಾಡಿ, ಅದರ ಕಾಲ ಬಳಿಯೇ ಮಲಗುವವನು. ಅಂಥವರ ಹೆಸರು ಸ್ಮಾರಕಗಳ ಮೇಲೆ ಬರುವುದು ಕಡಿಮೆ. ಅವನ ಕಥೆ ಬರೆಯಬೇಕು ಅನ್ನುವುದು ನನ್ನ ಬಹಳ ದಿನದ ಆಸೆ.

ಈಗ ಸಮಯದ ವಿಷಯಕ್ಕೆ ಬರುತ್ತೇನೆ.

ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುವವರಿಗೆ ತಿಂಗಳು ಅಂದರೆ ಮೂರು ತಾರೀಖು. 7ಕ್ಕೆ ಟಿಡಿಎಸ್, ಅಂದರೆ ದುಡ್ಡು ಕೊಡುವಾಗಲೇ ಹಿಡಿದಿಟ್ಟ ತೆರಿಗೆ, ಕಟ್ಟಬೇಕು. 11ಕ್ಕೆ ಜಿಎಸ್‌ಟಿಆರ್-1, ಅಂದರೆ ಮಾರಾಟದ ಬಿಲ್ಲುಗಳ ಲೆಕ್ಕ. 20ಕ್ಕೆ 3ಬಿ, ಅಂದರೆ ತಿಂಗಳ ಜಿಎಸ್‌ಟಿ ಲೆಕ್ಕ ಒಪ್ಪಿಸಿ ತೆರಿಗೆ ಕಟ್ಟುವುದು. ಕ್ಲೈಂಟುಗಳು ಬಿಲ್ಲು ಕಳಿಸುವುದು ಇವುಗಳ ಹಿಂದಿನ ರಾತ್ರಿಯೇ. ವಾಟ್ಸಾಪಿನಲ್ಲಿ ಮಸುಕು ಮಸುಕಾದ ಫೋಟೊ, ಅದರ ಕೆಳಗೆ "ಮೇಡಂ, ಇದೊಂದು ಸೇರಿಸಿಬಿಡಿ". ಜುಲೈ ಕೊನೆಗೆ ರಿಟರ್ನ್ಸ್, ಸೆಪ್ಟೆಂಬರ್ ಕೊನೆಗೆ ಟ್ಯಾಕ್ಸ್ ಆಡಿಟ್, ಮಾರ್ಚ್ ಬಗ್ಗೆ ಹೇಳುವುದೇ ಬೇಡ. ಇದು ಯಾರ ತಪ್ಪೂ ಅಲ್ಲ, ಕೆಲಸವೇ ಹಾಗೆ. ಆದರೆ ಕ್ಯಾಲೆಂಡರ್ ನೋಡಿ. 5ರಿಂದ 7, 9ರಿಂದ 11, 17ರಿಂದ 20. ಈ ದಿನಗಳನ್ನು ತೆಗೆದರೆ ಮಿಕ್ಕಿದ್ದು ತುಂಡು ತುಂಡು.

"ತುಂಡಾದರೇನು, ದಿನಾ ಒಂದು ಪ್ಯಾರಾ ಬರೆಯಿರಿ" ಅನ್ನುತ್ತಾರೆ. "ಬಸ್ಸಲ್ಲಿ ಮೊಬೈಲಲ್ಲೇ ಟೈಪ್ ಮಾಡಿ." "ಬೆಳಗ್ಗೆ ನಾಲ್ಕಕ್ಕೆ ಏಳಿ." ಕವಿತೆಗೆ, ಅಂಕಣಕ್ಕೆ, ಸಣ್ಣ ಕಥೆಗೂ ಈ ಮಾತು ಸರಿ ಇರಬಹುದು. ಕಾದಂಬರಿಗೆ ಸರಿ ಹೋಗಲ್ಲ. ಇದೇ ನಾನು ಮುಖ್ಯವಾಗಿ ಹೇಳಬೇಕಾಗಿರುವ ಮಾತು.

ಕಾದಂಬರಿಗೆ ಬೇಕಿರುವುದು ಜಾಸ್ತಿ ಗಂಟೆ ಅಲ್ಲ. ಒಂದರ ಪಕ್ಕ ಒಂದು ಬರುವ ದಿನಗಳು. ಇವತ್ತು ಒಂದೂವರೆ ಗಂಟೆ, ನಾಳೆ ಒಂದೂವರೆ ಗಂಟೆ, ನಾಡಿದ್ದು ಒಂದೂವರೆ ಗಂಟೆ ಸಿಕ್ಕರೆ ಅಧ್ಯಾಯ ನಡೆಯುತ್ತದೆ. ಅದೇ ಗಂಟೆಗಳನ್ನೆಲ್ಲ ಒಟ್ಟುಮಾಡಿ ಒಂದು ಭಾನುವಾರ ಕೊಟ್ಟರೆ ನಡೆಯುವುದಿಲ್ಲ. ಯಾಕೆ ಅಂದರೆ, ಕಾದಂಬರಿಯ ಜನ ತಲೆಯೊಳಗೆ ಬದುಕಿರಬೇಕು. ಸೈಸ್ ನಿನ್ನೆ ಯಾರ ಮೇಲೆ ಸಿಟ್ಟಾಗಿದ್ದ, ಅವನ ಜೇಬಿನಲ್ಲಿ ಏನಿತ್ತು, ಹಡಗಿನಲ್ಲಿ ಯಾವ ಕುದುರೆಗೆ ಕೆಮ್ಮು ಹತ್ತಿತ್ತು, ಊರಿನ ಕಾಗದ ಅವನು ಓದಿಸಿಕೊಂಡನೋ ಇಲ್ಲವೋ, ಇವೆಲ್ಲ ನೆನಪಿಟ್ಟು ಕೂರುವುದಲ್ಲ, ಸುಮ್ನೆ ಜೊತೆಗಿರಬೇಕು. ಹತ್ತು ದಿನ ಬಿಟ್ಟು ಫೈಲ್ ತೆರೆದರೆ ಅವರು ಅಪರಿಚಿತರು. ಮೊದಲಿಂದ ಓದಬೇಕು. ಓದಿ ಮುಗಿಸುವಷ್ಟರಲ್ಲಿ ಇದ್ದ ಹೊತ್ತು ಮುಗಿದಿರುತ್ತದೆ. ಹೆಪ್ಪು ಹಾಕಿದ ಹಾಲನ್ನು ಪದೇ ಪದೇ ಎತ್ತಿ ಅಲ್ಲಾಡಿಸಿದರೆ ಮೊಸರಾಗಲ್ಲ, ಅಲ್ವಾ? ಹಾಗೆ.

ಇಂಥ ಹೊತ್ತಲ್ಲಿ ಮಾಸ್ತಿಯವರ ಹೆಸರು ಬಂದೇ ಬರುತ್ತದೆ. "ಅಷ್ಟು ದೊಡ್ಡ ಅಧಿಕಾರಿಯಾಗಿದ್ದುಕೊಂಡೇ ಬರೆದರಲ್ಲ!" ನಿಜ, ಬರೆದರು. ಆದರೆ ಸ್ವಲ್ಪ ಗಮನಿಸಿ. ಸರ್ಕಾರಿ ಕೆಲಸದಲ್ಲಿದ್ದಾಗ ಅವರು ಹೆಚ್ಚಾಗಿ ಬರೆದದ್ದು ಸಣ್ಣ ಕಥೆ, ಕವಿತೆ, ನಾಟಕ, ವಿಮರ್ಶೆ. 1943ರಲ್ಲಿ ಹುದ್ದೆ ಬಿಟ್ಟರು. ದೊಡ್ಡ ಕಾದಂಬರಿಗಳು ಎರಡೂ ಬಂದದ್ದು ಆಮೇಲೆ. 'ಚಿಕವೀರ ರಾಜೇಂದ್ರ' ಬಂದದ್ದು 1956ರಲ್ಲಿ. ಅವರಂಥ ಶಿಸ್ತಿನ ಮನುಷ್ಯರೇ ಹೀಗಿದ್ದ ಮೇಲೆ, ಇದು ಬರೀ ಶಿಸ್ತಿನ ವಿಷಯ ಅಂತ ನನಗೆ ಅನ್ನಿಸುವುದಿಲ್ಲ. ಇನ್ನೊಂದು ಕಡೆ ಯಶವಂತ ಚಿತ್ತಾಲರು ಮುಂಬೈಯಲ್ಲಿ ಕಂಪನಿ ಕೆಲಸ ಮಾಡಿಕೊಂಡೇ 1979ರಲ್ಲಿ 'ಶಿಕಾರಿ' ಕೊಟ್ಟರು. ಅಂದರೆ ಆಗುವುದೇ ಇಲ್ಲ ಅಂತಲ್ಲ. ಆದರೆ ಅದಕ್ಕೆ ಮನೆಯವರು, ಸುತ್ತಲಿನವರು ಎಷ್ಟು ಜಾಗ ಬಿಟ್ಟುಕೊಡಬೇಕು ಅನ್ನುವುದನ್ನು ನಾವು ಮಾತಾಡುವುದೇ ಇಲ್ಲ.

ಹಾಗಾದರೆ ಕುದುರೆ ಸಮಯ ತಿನ್ನುವುದಿಲ್ಲವಾ? ತಿನ್ನುತ್ತದೆ. ಮುಚ್ಚುಮರೆ ಯಾಕೆ. 450 ಕೆ.ಜಿ. ತೂಕದ ಕುದುರೆಗೆ ದಿನಕ್ಕೆ 8–9 ಕೆ.ಜಿ. ಒಣಹುಲ್ಲು ಬೇಕು. ಮೈಗೆ ಹೋಲಿಸಿದರೆ ಹೊಟ್ಟೆಯ ಚೀಲ ಸಣ್ಣದು, ಅದಕ್ಕೇ ಒಂದೇ ಸಲ ಸುರಿದರೆ ಆಗಲ್ಲ, ಸ್ವಲ್ಪ ಸ್ವಲ್ಪ ಹಲವು ಸಲ. ಕುದುರೆ ಮಸಾಲೆ ಸೊಪ್ಪು, ಬೂಸಾ, ಉಪ್ಪು. ಬಿಸಿಲು ಕಾಲದಲ್ಲಿ ಎರಡು ಮೂರು ಬಕೆಟ್ ನೀರು ನೋಡುನೋಡುತ್ತಲೇ ಖಾಲಿ. ಆರರಿಂದ ಎಂಟು ವಾರಕ್ಕೊಮ್ಮೆ ಗೊರಸು ಕತ್ತರಿಸಿ ಲಾಳ ಹೊಡೆಸಬೇಕು. ವರ್ಷಕ್ಕೊಮ್ಮೆ ಧನುರ್ವಾಯುವಿನ ಇಂಜೆಕ್ಷನ್, ನಡುವೆ ಹುಳದ ಔಷಧಿ. ಸೈಸ್ ಅಣ್ಣ ಕುಣಿಗಲ್ ಕಡೆಯವರು, ಕುದುರೆಗಳ ಜೊತೆಯೇ ಬೆಳೆದವರು. ಅವರು ಇಲ್ಲದಿದ್ದರೆ ನಾನು ಕುದುರೆ ಸಾಕುವ ಮಾತೇ ಇಲ್ಲ. ಆದರೂ ನಾನು ಹೋಗಲೇಬೇಕು. ಗೊರಸು ಎತ್ತಿ ನೋಡಬೇಕು, ಬೆನ್ನು ಮುಟ್ಟಬೇಕು, ನಡೆಸಬೇಕು. ಕುದುರೆಗೆ ನಮ್ಮ ದುಡ್ಡು ಸಾಲದು, ನಮ್ಮ ಮೈ ಅಲ್ಲಿರಬೇಕು.

ಆದರೆ ಇದು ಗೊತ್ತಿರುವ ಹೊತ್ತು. ಇಂಥ ದಿನ, ಇಂಥ ಗಂಟೆ ಅಂತ ಮೊದಲೇ ಬರೆದಿಡಬಹುದು. ಅಪರೂಪಕ್ಕೆ ಮಾತ್ರ ಅದು ಲೆಕ್ಕ ತಪ್ಪುತ್ತದೆ.

ಅಂಥ ಒಂದು ರಾತ್ರಿ ಹೇಳುತ್ತೇನೆ. 3ಬಿ ಕಟ್ಟಬೇಕಾದ ಹಿಂದಿನ ದಿನ. ಸಂಜೆ ಅಣ್ಣನ ಫೋನ್: "ಅಕ್ಕಾ, ಚಿನ್ನಿ ಹುಲ್ಲು ಮುಟ್ತಾ ಇಲ್ಲ. ಮಧ್ಯಾಹ್ನದಿಂದ ಲದ್ದಿನೂ ಹಾಕಿಲ್ಲ." ಕುದುರೆ ಸಾಕಿದವರಿಗೆ ಇಷ್ಟು ಸಾಕು, ಕೈಕಾಲು ತಣ್ಣಗಾಗುತ್ತದೆ. ಕಾಲಿಕ್. ಹೊಟ್ಟೆಶೂಲೆ. ನಮಗೆ ಹೊಟ್ಟೆ ಕೆಟ್ಟರೆ ವಾಂತಿ ಆಗುತ್ತದೆ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಒಳಗಿದ್ದದ್ದು ಒಳಗೇ ಉಬ್ಬಿ ಪ್ರಾಣ ತೆಗೆಯಬಹುದು. ನಾನು ಹೋದಾಗ ಚಿನ್ನಿ ಮುಂಗಾಲಲ್ಲಿ ನೆಲ ಕೆರೆಯುತ್ತಿತ್ತು. ಕತ್ತು ತಿರುಗಿಸಿ ತನ್ನ ಹೊಟ್ಟೆಯನ್ನೇ ನೋಡುತ್ತಿತ್ತು. ಮೇಲ್ದುಟಿ ಎತ್ತಿ ಎತ್ತಿ ಬಿಡುತ್ತಿತ್ತು. ಪಕ್ಕೆಗೆ ಕಿವಿ ಇಟ್ಟೆ. ಆರೋಗ್ಯದ ಕುದುರೆಯ ಪಕ್ಕೆಗೆ ಕಿವಿ ಇಟ್ಟರೆ ಒಳಗೆ ಗುಡುಗುಡು ಸದ್ದು ನಿಲ್ಲುವುದೇ ಇಲ್ಲ. ಅವತ್ತು ಏನೂ ಇರಲಿಲ್ಲ. ಆ ಮೌನದಷ್ಟು ಹೆದರಿಕೆ ನನಗೆ ಯಾವುದೂ ಹುಟ್ಟಿಸಿಲ್ಲ. ಡಾಕ್ಟರು ಬಂದು ಇಂಜೆಕ್ಷನ್ ಕೊಟ್ಟರು, ಮೂಗಿನ ಮೂಲಕ ಹೊಟ್ಟೆಗೆ ನಳಿಗೆ ಇಳಿಸಿ ಔಷಧಿ ಬಿಟ್ಟರು. ಆಮೇಲೆ ಅಣ್ಣ ಒಂದಷ್ಟು ಹೊತ್ತು, ನಾನು ಒಂದಷ್ಟು ಹೊತ್ತು, ಹಗ್ಗ ಹಿಡಿದು ನಿಧಾನಕ್ಕೆ ನಡೆಸಿದೆವು. ಬೆಳಕು ಹರಿಯುವ ಹೊತ್ತಿಗೆ ಲದ್ದಿ ಹಾಕಿತು. ಅಣ್ಣ ಕೈ ಮುಗಿದರು. ನಾನೂ ಮುಗಿದೆ.

ಅವತ್ತು ಬೆಳಗ್ಗೆ ಆಫೀಸಿಗೆ ಫೋನ್ ಮಾಡಿ "ಸಾರ್, ಕುದುರೆಗೆ ಹುಷಾರಿಲ್ಲ, ರಾತ್ರಿಯೆಲ್ಲ ಲಾಯದಲ್ಲಿದ್ದೆ" ಅಂದೆ. 20ನೇ ತಾರೀಖಾದರೂ ಅವರು ಒಂದು ಮಾತೂ ಆಡಲಿಲ್ಲ. "ನೀವು ಮಲಗಿ, ನಾವು ನೋಡ್ಕೊಳ್ತೀವಿ" ಅಂದರು. ಸಹೋದ್ಯೋಗಿಗಳು ವಾರ ಪೂರ್ತಿ ಚಿನ್ನಿಯನ್ನು ವಿಚಾರಿಸಿದರು. ನನ್ನ ಕಣ್ಣು ತುಂಬಿತು. ಜನ ಒಳ್ಳೆಯವರು.

ಈಗ ಯೋಚನೆ ಮಾಡಿ. ಇದೇ ನಾನು ಫೋನ್ ಮಾಡಿ "ಸಾರ್, ಹಡಗಿನ ಅಧ್ಯಾಯ ನಿಂತುಹೋಗಿದೆ, ಮೂರು ಬೆಳಗ್ಗೆ ಒಟ್ಟಿಗೆ ಬೇಕು" ಅಂದಿದ್ದರೆ? ಅಲ್ಲಿ ಬಿಡಿ, ಮನೆಯಲ್ಲೂ ಈ ಮಾತು ನಡೆಯುವುದಿಲ್ಲ. "ಅಯ್ಯೋ, ಆಮೇಲೆ ಬರೆದರಾಯ್ತು." ಗೃಹಪ್ರವೇಶಕ್ಕೆ, ನಾಮಕರಣಕ್ಕೆ, ಪಕ್ಕದ ಮನೆಯ ಹುಡುಗನ ಪ್ಯಾನ್ ಕಾರ್ಡಿಗೆ, ಎಲ್ಲಕ್ಕೂ ಮೊದಲು ಹೋಗುವುದು ಬರೆಯುವ ಹೊತ್ತೇ. "ಮನೆಯಲ್ಲೇ ಇರ್ತೀಯಲ್ಲ, ಸುಮ್ನೆ ಬರೀತಾ" ಅನ್ನುತ್ತಾರೆ. ಆಫೀಸು ನೋಟಿಸು ಕಳಿಸುತ್ತದೆ. ಕುದುರೆ ಹಸಿದರೆ ಬಾಗಿಲು ಒದ್ದು ಕೆನೆಯುತ್ತದೆ. ಕಾದಂಬರಿ ಒಂದು ಸದ್ದೂ ಮಾಡುವುದಿಲ್ಲ. ತಿಂಗಳುಗಟ್ಟಲೆ ಬಿಟ್ಟರೂ ದೂರು ಹೇಳುವುದಿಲ್ಲ. ಅದಕ್ಕೇ ಅದರ ಪಾಲು ಎಲ್ಲರಿಗೂ ಸಿಗುತ್ತದೆ. ನನಗೆ ನೋವಾಗುವುದು ಇದಕ್ಕೆ. ಕುದುರೆ ಮಾರಿದರೆ ಆ ಖಾಲಿ ಬೆಳಗ್ಗೆಗಳೂ ಹೀಗೇ ಹಂಚಿಹೋಗುತ್ತವೆ, ಕಾದಂಬರಿಗೆ ಬರುವುದಿಲ್ಲ.

ಅಲ್ಲದೆ 16 ವರ್ಷದ ಕುದುರೆಯನ್ನು ಮಾರುವುದು ಅಂದರೆ ಏನು ಅಂತ ಹೇಳುವವರಿಗೆ ಗೊತ್ತಿಲ್ಲ. ಒಳ್ಳೆಯ ಸವಾರಿ ಶಾಲೆಗಳು ವಯಸ್ಸಾದದ್ದನ್ನು ಸುಲಭಕ್ಕೆ ತಗೊಳ್ಳುವುದಿಲ್ಲ. ಮದುವೆ ಮೆರವಣಿಗೆಗೆ ಹೋಗುತ್ತದೆ. ಬ್ಯಾಂಡು, ಪಟಾಕಿ, ಡಾಂಬರು ರಸ್ತೆ. ಅಲ್ಲಿಂದ ಇನ್ನೊಬ್ಬರ ಕೈಗೆ, ಮತ್ತೊಬ್ಬರ ಕೈಗೆ. ಚೆನ್ನಾಗಿ ನೋಡಿಕೊಂಡರೆ ಕುದುರೆ 25–30 ವರ್ಷ ಬದುಕುತ್ತದೆ. ಓಡುವ ವಯಸ್ಸಲ್ಲಿ ಮನುಷ್ಯರಿಗೆ ದುಡಿದುಕೊಟ್ಟ ಪ್ರಾಣಿಯನ್ನು ಮುಪ್ಪಿನಲ್ಲಿ ಹಾಗೆ ಕಳಿಸಿ, ಮನೆಯಲ್ಲಿ ಕೂತು ಸೈಸ್ ಒಬ್ಬನ ಪ್ರೀತಿಯ ಕಥೆ ಬರೆಯಲು ನನ್ನ ಕೈಲಾಗಲ್ಲ.

"ಕುದುರೆ ಇದ್ದರೆ ಕಾದಂಬರಿಗೆ ಉಪಯೋಗ ಅಲ್ವಾ?" ಅಂತ ಕೇಳುವವರೂ ಇದ್ದಾರೆ. ಉಪಯೋಗ ಇದೆ. ಕುದುರೆ ನಿಂತೇ ತೂಕಡಿಸಬಲ್ಲದು. ಒಂದು ಹಿಂಗಾಲು ಸಡಿಲ ಬಿಟ್ಟು, ಗೊರಸಿನ ತುದಿ ಮಾತ್ರ ನೆಲಕ್ಕೆ ತಾಗಿಸಿ, ಕೆಳದುಟಿ ಜೋತುಬಿಟ್ಟು ನಿಲ್ಲುತ್ತದೆ. ಸ್ವಲ್ಪ ಹೊತ್ತಾದ ಮೇಲೆ ಇನ್ನೊಂದು ಕಾಲು. ಆದರೆ ಗಾಢ ನಿದ್ದೆಗೆ ಅದು ಮಲಗಲೇಬೇಕು. ಹಡಗಿನ ತಳದಲ್ಲಿ, ಮೈ ತಿರುಗಿಸಲೂ ಜಾಗವಿಲ್ಲದ ಕಡೆ ದಿನಗಟ್ಟಲೆ ನಿಂತ ಕುದುರೆಗಳ ಆಯಾಸ ಎಂಥದ್ದು ಅಂತ ನನಗೆ ಚಿನ್ನಿಯ ಪಕ್ಕ ನಿಂತೇ ತಿಳಿದದ್ದು. ಆದರೆ ಉಪಯೋಗಕ್ಕಾಗಿ ನಾನು ಅದನ್ನು ಇಟ್ಟುಕೊಂಡಿಲ್ಲ. ಒಂದು ಸಾಲೂ ಹುಟ್ಟದಿದ್ದರೂ ಅದು ನನ್ನ ಜೊತೆಗೇ ಇರುತ್ತದೆ.

ಹಾಗಂತ ಸುಮ್ನೆ ಕೂತಿಲ್ಲ. ಸವಾರಿ ಮಾಡುವವರಲ್ಲಿ ಹಾಫ್ ಲೀಸ್ ಅಂತ ಒಂದು ಪದ್ಧತಿ ಇದೆ. ಇನ್ನೊಬ್ಬರು ವಾರದಲ್ಲಿ ಕೆಲವು ದಿನ ನಮ್ಮ ಕುದುರೆ ಓಡಿಸುತ್ತಾರೆ, ನೋಡಿಕೊಳ್ಳುತ್ತಾರೆ, ಮೇವಿನ ಖರ್ಚಲ್ಲಿ ಪಾಲು ಕೊಡುತ್ತಾರೆ. ಯಲಹಂಕದ ಒಬ್ಬ ಕಾಲೇಜು ಹುಡುಗಿ ಸಿಕ್ಕಿದ್ದಾಳೆ. ಕೈ ಮೆತ್ತಗೆ, ಲಗಾಮು ಎಳೆದಾಡುವುದಿಲ್ಲ. ಚಿನ್ನಿಗೂ ಅವಳು ಹಿಡಿಸಿದ್ದಾಳೆ. ನಾನು ಅವಳಲ್ಲಿ ಕೇಳಿಕೊಂಡದ್ದು ಒಂದೇ: ಮಂಗಳವಾರ, ಬುಧವಾರ, ಗುರುವಾರ, ಮೂರೂ ಒಟ್ಟಿಗೆ ಇರಲಿ. ಆ ಮೂರು ಬೆಳಗ್ಗೆ ಕಾದಂಬರಿಯದ್ದು. ಆಫೀಸಿನಲ್ಲೂ ಮಾತಾಡಿದ್ದೇನೆ, ಕೊನೆ ತಾರೀಖು ಇಲ್ಲದ ವಾರಗಳಲ್ಲಿ ಆ ದಿನ ಒಂದು ಗಂಟೆ ತಡವಾಗಿ ಬಂದು ಸಂಜೆ ತುಂಬಿಸಿಕೊಡುತ್ತೇನೆ ಅಂತ. ಈ ಸಲ "ಬರೆಯುವ ಕೆಲಸ ಇದೆ" ಅಂತ ನೇರವಾಗಿ ಹೇಳಿದೆ. ಒಪ್ಪಿದರು.

ನೆಂಟರಿಷ್ಟರಿಗೂ ಇಲ್ಲೇ ಹೇಳುತ್ತಿದ್ದೇನೆ. ಆ ಮೂರು ಬೆಳಗ್ಗೆ ಒಂಬತ್ತರ ತನಕ ನನ್ನ ಫೋನ್ ಬಂದ್. ಕುದುರೆಗೆ ಹುಷಾರಿಲ್ಲ ಅಂದಾಗ ನೀವು ಹೇಗೆ ಬಿಟ್ಟುಕೊಡುತ್ತೀರೋ ಹಾಗೆ ಇದಕ್ಕೂ ಬಿಟ್ಟುಕೊಡಿ. ನಿಮ್ಮ ಮನೆಯಲ್ಲೂ ಬರೆಯುವವರು, ಹಾಡುವವರು, ಚಿತ್ರ ಬಿಡಿಸುವವರು ಇದ್ದರೆ ಅವರ ಆ ಹೊತ್ತಿಗೂ ಯಾರೂ ಕೈ ಹಾಕದಂತೆ ನೋಡಿಕೊಳ್ಳಿ.

ಇನ್ನೊಂದು ವಿನಂತಿ. ನಿಮ್ಮ ಮನೆತನದಲ್ಲಿ ಮುತ್ತಜ್ಜ, ಅವರ ಅಣ್ಣತಮ್ಮಂದಿರು ಯಾರಾದರೂ ಮೈಸೂರು ಲ್ಯಾನ್ಸರ್ಸ್‌ನಲ್ಲಿ ಇದ್ದರೆ, ಅದರಲ್ಲೂ ಸೈಸ್, ಲಾಳ ಹೊಡೆಯುವವರು, ಅಡುಗೆಯವರು ಆಗಿ ಹೋಗಿದ್ದರೆ ದಯವಿಟ್ಟು ನನಗೆ ಮೆಸೇಜ್ ಮಾಡಿ. ಹಳೆ ಫೋಟೊ, ಕಾಗದ, ಪದಕ, ಮನೆಯಲ್ಲಿ ಹೇಳಿಕೊಂಡು ಬಂದ ಒಂದು ಮಾತು, ಏನಿದ್ದರೂ ಸರಿ. ಬೆಂಗಳೂರು, ಮೈಸೂರು, ಎಲ್ಲಿದ್ದರೂ ಶನಿವಾರ ಮಧ್ಯಾಹ್ನದ ಮೇಲೆ ನಾನೇ ಬಂದು ಕೇಳಿಸಿಕೊಳ್ಳುತ್ತೇನೆ.