ಊದುಬತ್ತಿ ಹಚ್ಚಿದರೆ ಒಗ್ಗರಣೆ ಆಗುತ್ತಾ?

ಮೊದಲೇ ಹೇಳಿಬಿಡುತ್ತೇನೆ, ಈ ಪೋಸ್ಟು ಉದ್ದ ಇದೆ. ಕಾರು ಅಂದರೆ ನಾಲ್ಕು ಚಕ್ರ, ಒಂದು ಸ್ಟೀರಿಂಗು, ಅಷ್ಟೇ ಅನ್ನುವವರು ಇದೇ ಸ್ಟಾಪಿನಲ್ಲಿ ಇಳಿದುಬಿಡಿ. ಆಮೇಲೆ ನನ್ನನ್ನು ಬೈಯಬೇಡಿ.

ಶನಿವಾರ ವುಡ್‌ವರ್ಡ್ ಡ್ರೀಮ್ ಕ್ರೂಸ್‌ಗೆ ಹೋಗಿದ್ದೆ. ಡೆಟ್ರಾಯ್ಟ್ ಸುತ್ತಮುತ್ತ ಇರುವ ನಮ್ಮವರಿಗೆ ಹೊಸದಾಗಿ ಹೇಳಬೇಕಿಲ್ಲ. ಊರಲ್ಲಿರುವವರಿಗೆ ಒಂದು ಮಾತು: ಪ್ರತಿ ವರ್ಷ ಆಗಸ್ಟ್ ತಿಂಗಳ ಮೂರನೇ ಶನಿವಾರ ವುಡ್‌ವರ್ಡ್ ರಸ್ತೆ ತುಂಬ ಕಾರೋ ಕಾರು. ಫರ್ನ್‌ಡೇಲ್‌ನಿಂದ ಪಾಂಟಿಯಾಕ್‌ವರೆಗೆ. 1995ರಲ್ಲಿ ಮಕ್ಕಳ ಸಾಕರ್ ಮೈದಾನಕ್ಕೆ ದುಡ್ಡು ಕೂಡಿಸೋಕೆ ಅಂತ ಶುರುವಾದದ್ದು, ಈಗ ಜಾತ್ರೆ ಅಂದರೆ ಜಾತ್ರೆ. ನಮ್ಮ ಕಡೆ ತೇರು ಎಳೆಯುತ್ತೇವೆ. ಇಲ್ಲಿ ತೇರುಗಳೇ ಪೆಟ್ರೋಲು ಕುಡಿದು ತಾವಾಗಿ ಹೋಗುತ್ತವೆ, ನಾವು ಮಡಚುವ ಕುರ್ಚಿ ಹಾಕಿಕೊಂಡು ನೋಡುತ್ತೇವೆ.

ನಮ್ಮ ಗುಂಪಿನ ಜಾಗ ರಾಯಲ್ ಓಕ್‌ನಲ್ಲಿ, ಒಂದು ಮರದ ಕೆಳಗೆ. ಪುಳಿಯೋಗರೆ ನಂದು, ಮಜ್ಜಿಗೆ ಭಾವಂದು. ಬೆಳಿಗ್ಗೆ ಎಲ್ಲ ಚೆನ್ನಾಗಿತ್ತು. ಹನ್ನೊಂದರ ಹೊತ್ತಿಗೆ ಡಾಡ್ಜ್ ಕಂಪನಿಯ ಹೊಸ ಕಾರು ಚಾರ್ಜರ್ ಡೇಟೋನಾ, ಅದೇ ಆ ಕರೆಂಟಿನದು, ನಮ್ಮ ಮುಂದೆ ಹಾದುಹೋಯಿತು. ಮುಗಿಯಿತು. ಅಲ್ಲಿಂದ ಮೂರು ಗಂಟೆ ಜಗಳ. ಅಷ್ಟರಲ್ಲಿ ಎಷ್ಟು 1969ರ ಕ್ಯಾಮರೋಗಳು ಬಂದವೋ, ಎಷ್ಟು ಜಿಟಿಓಗಳು ಹೋದವೋ, ಒಬ್ಬರೂ ತಲೆ ಎತ್ತಲಿಲ್ಲ.

ಒಂದು ಕಡೆ ನಮ್ಮ ಹೆಮಿ ಭಕ್ತ. ಹೆಮಿ ಅಂದರೆ ಡಾಡ್ಜ್‌ನ ವಿ8, ಎಂಟು ಸಿಲಿಂಡರಿನ ಪೆಟ್ರೋಲ್ ಎಂಜಿನ್ನು. ಓಡಿಸುವುದು ಮಿನಿವ್ಯಾನು, ಫೋನಿನ ವಾಲ್‌ಪೇಪರ್ ಮಾತ್ರ ಚಾಲೆಂಜರ್ ಹೆಲ್‌ಕ್ಯಾಟು, ಡಾಡ್ಜ್‌ನದೇ ಅಬ್ಬರದ ವಿ8 ಗಾಡಿ. ಅವನ ಪ್ರಕಾರ ವಿ8 ಎಂಜಿನ್ ಇಲ್ಲದ ಗಾಡಿಗೆ ಚಾರ್ಜರ್ ಅಂತ ಹೆಸರಿಡುವುದೇ ಪಾಪ. ಇನ್ನೊಂದು ಕಡೆ ನಮ್ಮ ಭಾವ. ಐದು ವರ್ಷದಿಂದ ಎಲೆಕ್ಟ್ರಿಕ್ ಕಾರು ಓಡಿಸಿ ಓಡಿಸಿ ಪೆಟ್ರೋಲ್ ಬಂಕಿನ ದಾರಿಯೇ ಮರೆತಿದ್ದಾರೆ. "670 ಹಾರ್ಸ್‌ಪವರ್, 3.3 ಸೆಕೆಂಡಿಗೆ ಅರವತ್ತು ಮೈಲಿ ಸ್ಪೀಡು, ಇನ್ನೇನ್ರಪ್ಪಾ ಬೇಕು ನಿಮಗೆ?" ಅನ್ನುವುದು ಅವರ ಒಂದೇ ಮಂತ್ರ. ನಡುವೆ ನಾನು. ನನ್ನ ಮಾತು ಯಾರೂ ಕೇಳಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಇಲ್ಲಿ ನಾನು ಮುಗಿಸುವವರೆಗೆ ಯಾರೂ ಬಾಯಿ ಹಾಕೋಕಾಗಲ್ಲ.

ಆಕಾರದಿಂದ ಶುರು ಮಾಡೋಣ, ಯಾಕಂದರೆ ನನಗೆ ಖುಷಿ ಆಗಿದ್ದು ಅದೊಂದೇ. ಊಟ ಆದಮೇಲೆ ಪಕ್ಕದ ಬೀದಿಯಲ್ಲಿ ನಿಲ್ಲಿಸಿದ್ದ ಇನ್ನೊಂದು ಡೇಟೋನಾ ನೋಡಿ ಬಂದೆ. ಅದರ ಮೂತಿಯ ತುದಿ ಇದೆಯಲ್ಲ, ಅದು ಬಾನೆಟ್ ಅಲ್ಲ. ಬಾನೆಟ್ಟು ಅದರ ಹಿಂದೆ, ಸ್ವಲ್ಪ ತಗ್ಗಿನಲ್ಲಿ ಇಳಿಜಾರಾಗಿ ಕೂತಿದೆ. ಎರಡರ ನಡುವೆ ಉದ್ದಕ್ಕೂ ಒಂದು ಕಿಂಡಿ. ಮುಂದಿನಿಂದ ನುಗ್ಗುವ ಗಾಳಿ ಆ ಕಿಂಡಿಯಲ್ಲಿ ತೂರಿ ಬಾನೆಟ್ ಮೇಲೆ ಹರಿದುಹೋಗುತ್ತದೆ. ಆರ್-ವಿಂಗ್ ಅನ್ನುತ್ತಾರೆ ಇದಕ್ಕೆ. ಗಾಡಿಯವರನ್ನು ಕೇಳಿ ಕೈ ತೂರಿಸಿ ನೋಡಿದೆ, ಅಂಗೈ ಆರಾಮಾಗಿ ಹೋಯಿತು. ಆಚೆ ಕಡೆಯಿಂದ ಬೆರಳು ಆಡಿಸಿದೆ, ಅವರ ಮಗಳು ನಕ್ಕಳು. ಪಕ್ಕದಿಂದ ನೋಡಿದರೆ 1968ರ ಚಾರ್ಜರ್‌ನ ಅದೇ ಚಪ್ಪಟೆ ಮೂಗು. ಎದುರಿನಿಂದ ನೋಡಿದರೆ ಹೊಸ ಗಾಡಿ. ಹಳೆಯದನ್ನು ಕಾಪಿ ಹೊಡೆದಿಲ್ಲ, ಮರೆತೂ ಇಲ್ಲ. ಹಿಂದೆ ಡಿಕ್ಕಿ ಅಂದುಕೊಂಡಿರುತ್ತೇವೆ, ಎತ್ತಿದರೆ ಗಾಜೂ ಜೊತೆಗೇ ಮೇಲೇಳುತ್ತದೆ. ಈ ಆಕಾರ ಬಿಡಿಸಿದವರ ಕೈಗೆ ಒಂದು ಕಡಗ ತೊಡಿಸಬೇಕು.

ನಮ್ಮ ಭಕ್ತನಿಗೆ ಅದೂ ಹಿಡಿಸಲಿಲ್ಲ. "ಹಿಂದಿನ ಚಾರ್ಜರ್ ನೋಡು, ಅದು ಗಂಡಸು" ಅಂದ. ಸ್ವಾಮಿ, ನನಗೆ ನೆನಪಿದೆ. ಆ ಹಿಂದಿನ ಚಾರ್ಜರ್ 2006ರ ಮಾಡೆಲ್ಲಾಗಿ ಬಂದಾಗ ನಾಲ್ಕು ಬಾಗಿಲು ಇತ್ತು. "ಚಾರ್ಜರ್‌ಗೆ ನಾಲ್ಕು ಬಾಗಿಲಾ? ಥೂ!" ಅಂತ ಉಗಿದವರೂ ಮಸಲ್ ಕಾರಿನ, ಅಂದರೆ ಇಂಥ ಭಾರೀ ಶಕ್ತಿಯ ಅಮೆರಿಕನ್ ಗಾಡಿಗಳ, ಇದೇ ಅಭಿಮಾನಿಗಳೇ. ಈಗ ಎರಡು ಬಾಗಿಲಿನದು ವಾಪಸ್ಸು ಬಂದಿದೆ, ಆ ನಾಲ್ಕು ಬಾಗಿಲಿನದು ಇವರಿಗೆ ಅಸಲಿ ಚಾರ್ಜರ್ ಆಗಿಬಿಟ್ಟಿದೆ. ಇನ್ನು ಇಪ್ಪತ್ತು ವರ್ಷಕ್ಕೆ ಈ ಡೇಟೋನಾಕ್ಕೂ ಹಾರ ಹಾಕುತ್ತಾರೆ, ಬರೆದಿಟ್ಟುಕೊಳ್ಳಿ.

ವಿ8 ಇಲ್ಲ ಅನ್ನುವ ಗೋಳಿಗೂ ನನ್ನ ಹತ್ತಿರ ಜಾಸ್ತಿ ಸಹನೆ ಇಲ್ಲ. ಪೆಟ್ರೋಲೇ ಬೇಕು ಅಂದರೆ ಇದೇ ಹೊಸ ಚಾರ್ಜರ್‌ನ ಪೆಟ್ರೋಲ್ ಮಾಡೆಲ್ಲು, ಸಿಕ್ಸ್‌ಪ್ಯಾಕ್ ಇದೆ. 3 ಲೀಟರಿನ ಆರು ಸಿಲಿಂಡರು, ಎರಡು ಟರ್ಬೊ, ದೊಡ್ಡದರಲ್ಲಿ 550 ಹಾರ್ಸ್‌ಪವರ್. ಇವನು ಕಣ್ಣೀರು ಹಾಕುವ 6.4 ಲೀಟರ್ ವಿ8 ಕೊಡುತ್ತಿದ್ದದ್ದು 485. ಹೆಸರೊಂದು ಮಾತ್ರ ತಮಾಷೆ. ಹಳೇ ಕಾಲದ ಸಿಕ್ಸ್ ಪ್ಯಾಕ್ ಅಂದರೆ ವಿ8 ಎಂಜಿನ್ ಮೇಲೆ ಎರಡೆರಡು ಬಾಯಿಯ ಮೂರು ಕಾರ್ಬ್ಯುರೇಟರು, ಒಟ್ಟು ಆರು ಬಾಯಿ. ಈಗ ಕಾರ್ಬ್ಯುರೇಟರೂ ಇಲ್ಲ, ವಿ8 ಕೂಡ ಇಲ್ಲ, ಆರು ಮಾತ್ರ ಉಳಿದಿದೆ. ಇರಲಿ ಬಿಡಿ.

ನನ್ನ ತಕರಾರು ಬೇರೆ. ಸದ್ದು.

ಆ ಡೇಟೋನಾ ನಮ್ಮ ಮುಂದೆ ಹೋಯಿತಲ್ಲ, ಆಗ ಒಂದು ಗುಡುಗು ಬಂತು. ವಿ8 ಥರದ್ದೇ ಗುಡುಗು, ಆದರೆ ಎಲ್ಲೋ ಪಕ್ಕದ ಮನೆ ಟಿವಿಯಿಂದ ಬಂದ ಹಾಗೆ. ಗಾಡಿಯ ಹಿಂಭಾಗದಲ್ಲಿ ಆಂಪ್ಲಿಫೈಯರು, ಸ್ಪೀಕರು, ಒಂದು ಪೆಟ್ಟಿಗೆ ಇಟ್ಟಿದ್ದಾರೆ. ಆಕ್ಸಿಲರೇಟರ್ ಒತ್ತಿದ ಹಾಗೆ ಅದು ಕೂಗುತ್ತದೆ. ಅದಕ್ಕೆ ಇಟ್ಟಿರುವ ಹೆಸರು ಕೇಳಿ: ಫ್ರಾಟ್‌ಜಾನಿಕ್ ಚೇಂಬರ್ಡ್ ಎಕ್ಸಾಸ್ಟ್. ಎಕ್ಸಾಸ್ಟ್ ಅಂತೆ! ಹೊಗೆಯೇ ಇಲ್ಲದ ಗಾಡಿಗೆ ಹೊಗೆ ಕೊಳವೆ! 2022ರ ಆಗಸ್ಟ್‌ನಲ್ಲಿ, ಇಲ್ಲೇ ಇದೇ ರಸ್ತೆಯ ಕೊನೆಯಲ್ಲಿ ಪಾಂಟಿಯಾಕ್‌ನಲ್ಲಿ, ಇದರ ಮಾದರಿ ಕಾರನ್ನು ಮೊದಲ ಸಲ ತೋರಿಸಿದಾಗ 126 ಡೆಸಿಬೆಲ್ ಬರುತ್ತದೆ, ಹೆಲ್‌ಕ್ಯಾಟ್‌ನಷ್ಟೇ ಜೋರು ಅಂತ ಹೆಮ್ಮೆಯಿಂದ ಹೇಳಿಕೊಂಡಿದ್ದರು. ಸ್ಪೀಕರಿನ ಜೋರು ಒಂದು ಸಾಧನೆಯಾದರೆ ನಮ್ಮೂರಿನ ಗಣೇಶನ ಪೆಂಡಾಲುಗಳೆಲ್ಲ ಮಸಲ್ ಕಾರೇ.

ಸದ್ದು ಹುಟ್ಟಬೇಕು ಕಣ್ರಿ, ಹಾಕಬಾರದು. ಒಗ್ಗರಣೆ ಹಾಕಿದಾಗ ಮನೆಯೆಲ್ಲ ಘಮ್ಮನ್ನುತ್ತದೆ. ಎಣ್ಣೆ ಕಾಯುತ್ತದೆ, ಸಾಸಿವೆ ಸಿಡಿಯುತ್ತದೆ, ಕರಿಬೇವು ಚಟಪಟ ಅನ್ನುತ್ತದೆ, ಅದರಿಂದ ಘಮ. ಈಗ ಒಲೆಯನ್ನೇ ಹಚ್ಚದೆ, ಒಗ್ಗರಣೆ ವಾಸನೆಯ ಊದುಬತ್ತಿ ಹಚ್ಚಿ "ಸಾರು ರೆಡಿ, ಬನ್ನಿ" ಅಂದರೆ ಹೇಗಿರುತ್ತೆ?

ನಾನು ಕರೆಂಟಿನ ಗಾಡಿಯ ವಿರೋಧಿ ಅಲ್ಲ, ದಯವಿಟ್ಟು ನನ್ನನ್ನು ಆ ಭಕ್ತನ ಪಕ್ಕ ಕೂರಿಸಬೇಡಿ. ಮೋಟರಿಗೂ ಅದರದ್ದೇ ಒಂದು ದನಿ ಇದೆ. ಸಣ್ಣಗೆ ಸೀಟಿ ಹೊಡೆದ ಹಾಗೆ ಏರುತ್ತದೆ. ಅದನ್ನೇ ಬಿಟ್ಟಿದ್ದರೆ ನಾನು ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿದ್ದೆ. ಇಷ್ಟು ಧೈರ್ಯದಿಂದ ಮೂತಿಯಲ್ಲಿ ಕಿಂಡಿ ಕೊರೆದವರಿಗೆ ಬಾಯಿ ಮುಚ್ಚಿಕೊಂಡಿರೋಕೆ ಧೈರ್ಯ ಬರಲಿಲ್ವಾ?

ಭಾವ ಇಲ್ಲಿ ಒಂದು ಪಾಯಿಂಟು ಹಾಕಿದರು. "ಪೆಟ್ರೋಲ್ ಗಾಡಿಯವರೇನು ಸಾಚಾನಾ? ಎಕ್ಸಾಸ್ಟಿನಲ್ಲಿ ವಾಲ್ವ್ ಇಟ್ಟು, ಬೇಕಾದಾಗ ತೆಗೆದು ಸದ್ದು ಜಾಸ್ತಿ ಮಾಡಲ್ವಾ? ನಾಲ್ಕು ಸಿಲಿಂಡರಿನ ಮಸ್ಟಾಂಗ್ 2015ರಲ್ಲಿ ಬಂದಾಗ ಎಂಜಿನ್ ಸದ್ದನ್ನ ಒಳಗಿನ ಸ್ಪೀಕರಿನಲ್ಲಿ ಕೇಳಿಸ್ತಿರಲಿಲ್ವಾ?" ಮಾತು ನಿಜ. ನಾನು ಒಂದು ನಿಮಿಷ ಸುಮ್ಮನಾದೆ. ಆಮೇಲೆ ಹೇಳಿದೆ: ವಾಲ್ವ್ ತೆಗೆಯುವುದು ಅಂದರೆ ಅಡುಗೆಮನೆ ಬಾಗಿಲು ತೆಗೆದ ಹಾಗೆ, ಒಳಗೆ ಒಲೆ ಉರಿಯುತ್ತಿದೆ. ಮಸ್ಟಾಂಗಿನದು ತಪ್ಪೇ. ಪಕ್ಕದ ಮನೆಯವರೂ ಊದುಬತ್ತಿ ಹಚ್ಚಿದ್ದರು ಅಂದ ಮಾತ್ರಕ್ಕೆ ನಿಮ್ಮ ಮನೆ ಸಾರು ಕುದಿಯುತ್ತಾ? ಭಾವ ಮಜ್ಜಿಗೆ ಕುಡಿದರು. ಅದನ್ನು ನಾನು ನನ್ನ ಗೆಲುವು ಅಂತ ಲೆಕ್ಕ ಹಾಕಿಕೊಂಡಿದ್ದೇನೆ.

ಇನ್ನೂ ಚೆಂದದ ವಿಷಯ ಒಂದಿದೆ. ಕಳೆದ ವರ್ಷ, ಅಂದರೆ 2025ರಲ್ಲಿ, ಇದೇ ಡೇಟೋನಾಗಳಲ್ಲಿ 8 ಸಾವಿರಕ್ಕೂ ಹೆಚ್ಚು ಗಾಡಿಗಳನ್ನು ರೀಕಾಲ್ ಮಾಡಿದರು, ಅಂದರೆ ದೋಷ ಸರಿಪಡಿಸೋಕೆ ವಾಪಸ್ಸು ಕರೆದರು. ಕಾರಣ ಏನು ಗೊತ್ತಾ? ಎಲೆಕ್ಟ್ರಿಕ್ ಗಾಡಿ ನಿಧಾನಕ್ಕೆ ಹೋಗುವಾಗ ನಡೆದು ಹೋಗುವವರಿಗೆ ಗೊತ್ತಾಗಲಿ ಅಂತ ಸಣ್ಣ ಸದ್ದು ಮಾಡಬೇಕು, ಅದು ಇಲ್ಲಿನ ಕಾನೂನು. ಕುರುಡರಿಗೆ, ಮಕ್ಕಳಿಗೆ ಬೇಕಾದ ಸದ್ದು ಅದು. ಆ ಗಾಡಿಗಳಲ್ಲಿ ಆಂಪ್ಲಿಫೈಯರಿನ ಸಾಫ್ಟ್‌ವೇರ್ ಎಡವಟ್ಟಿನಿಂದ ಅದು ಬರದೇ ಹೋಗಬಹುದಿತ್ತು. ಊರಿಗೆಲ್ಲ ಕೇಳುವ ಹಾಗೆ ಕಿರುಚುವುದಕ್ಕೆಂದೇ ಹುಟ್ಟಿದ ಗಾಡಿ, "ಸ್ವಲ್ಪ ಪಕ್ಕಕ್ಕೆ ಸರೀರಿ" ಅನ್ನಬೇಕಾದ ಕಡೆ ಮೂಗ. ಇದನ್ನು ನಾನು ಹೇಳಿದಾಗ ಭಕ್ತ ಬಿದ್ದು ಬಿದ್ದು ನಕ್ಕ. ನಗಬೇಡ ಕಣೋ, ನಿಂದೂ ಬರುತ್ತೆ ಅಂದೆ.

ಭಕ್ತನದು ಏನಪ್ಪಾ ಅಂದರೆ, ಈ ಸದ್ದಿನ ಗಲಾಟೆಯಲ್ಲಿ ಅವನು ತೂಕದ ಮಾತೇ ಎತ್ತಲಿಲ್ಲ. ಯಾರೂ ಎತ್ತಲಿಲ್ಲ. ಭಾವ ಹೇಳಿದ ಆ 670 ಹಾರ್ಸ್‌ಪವರಿನ ಮಾಡೆಲ್ಲು, ಡೇಟೋನಾ ಸ್ಕ್ಯಾಟ್ ಪ್ಯಾಕ್, ಅದರ ತೂಕ 5,838 ಪೌಂಡು. ನಮ್ಮ ಲೆಕ್ಕದಲ್ಲಿ ಸುಮಾರು 2,650 ಕಿಲೊ. ಊರಲ್ಲಿ ಓಡಾಡುವ ಸ್ವಿಫ್ಟ್ ಮೂರು ತಂದು ತಕ್ಕಡಿಗೆ ಹಾಕಿ, ಹೆಚ್ಚು ಕಡಿಮೆ ಸರಿಹೋಗುತ್ತೆ. 1969ರ ಚಾರ್ಜರ್ ಒಂದೂಮುಕ್ಕಾಲು ಟನ್ನಿನ ಆಸುಪಾಸು, ಅದನ್ನೇ ಆಗ ದೊಡ್ಡ ಗಾಡಿ ಅನ್ನುತ್ತಿದ್ದರು. ಇಷ್ಟು ತೂಕ ಹೊತ್ತು 3.3 ಸೆಕೆಂಡಿಗೆ ಅರವತ್ತು ಮುಟ್ಟುತ್ತದೆ ಅಂದರೆ ಅದು ದೊಡ್ಡ ವಿಷಯವೇ, ಒಪ್ಪಿದೆ. ಆದರೆ ನೇರ ರಸ್ತೆ ಮುಗಿಯುತ್ತದಲ್ಲ? ತಿರುವು ಬರುತ್ತದಲ್ಲ? ಬ್ರೇಕು ಹಿಡಿಯಬೇಕಲ್ಲ? ಟೈರಿಗೆ ಬಾಯಿ ಇದ್ದಿದ್ದರೆ ಆ ಸ್ಪೀಕರಿಗಿಂತ ಜೋರಾಗಿ ಅಳುತ್ತಿತ್ತು. ಮಸಲ್ ಅಂದರೆ ಮಾಂಸಖಂಡ ತಾನೇ? ಪೈಲ್ವಾನ ಬೇರೆ, ಮೂಟೆ ಬೇರೆ. ನನಗನ್ನಿಸುವುದು ಇಷ್ಟೇ, ಆ ಸುಳ್ಳು ಗುಡುಗು ಇರುವುದೇ ನಾವು ಇದನ್ನು ಕೇಳದೇ ಇರಲಿ ಅಂತ. ಅದು ಕೆಲಸ ಮಾಡಿದೆ. ಮೂರು ಗಂಟೆ ನಾವು ಸದ್ದಿನ ಬಗ್ಗೆಯೇ ಕಿತ್ತಾಡಿದೆವು. ನಾನೂ ಈಗ ಇಷ್ಟುದ್ದ ಅದನ್ನೇ ಬರೆಯುತ್ತಿದ್ದೇನೆ ನೋಡಿ.

ಹೇಳಬಾರದು ಅಂದುಕೊಂಡಿದ್ದೆ, ಹೇಳಿಬಿಡುತ್ತೇನೆ. ನಾನು ಮೈಸೂರಿನ ಒಂಟಿಕೊಪ್ಪಲಿನ ಹುಡುಗ. ಯಾದವಗಿರಿಯ ಜಾವಾ ಫ್ಯಾಕ್ಟರಿ ನಮಗೆ ಕೂಗಳತೆ ದೂರ. ಅಪ್ಪನದು ಅದೇ ಫ್ಯಾಕ್ಟರಿಯ ಬೈಕು, ಯೆಜ್ಡಿ ರೋಡ್‌ಕಿಂಗ್. ಒಂದೇ ಸಿಲಿಂಡರು, ಎರಡು ಸೈಲೆನ್ಸರು, ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಬೇಕು. ಬೀದಿ ತಿರುವಿನಲ್ಲಿ ಅದರ ಸದ್ದು ಕೇಳಿದ ತಕ್ಷಣ ನಾವು ಟಿವಿ ಆರಿಸಿ ಪುಸ್ತಕ ಹಿಡಿಯುತ್ತಿದ್ದೆವು. ಬೀದಿಯಲ್ಲಿ ಇನ್ನೂ ಮೂರು ಯೆಜ್ಡಿ ಇದ್ದವು, ಆದರೆ ಒಂದು ಸಲವೂ ತಪ್ಪಾಗಿ ಟಿವಿ ಆರಿಸಿದ್ದು ನೆನಪಿಲ್ಲ. 2018ರಲ್ಲಿ ಜಾವಾ ಹೊಸದಾಗಿ ಬಂದಾಗ ಹಾಗೇ ಎರಡು ಸೈಲೆನ್ಸರ್ ಇಟ್ಟಿದ್ದರು, ಎಂಜಿನ್ ಮಾತ್ರ ಹಳೇ ಟೂ ಸ್ಟ್ರೋಕ್ ಅಲ್ಲ, ಫೋರ್ ಸ್ಟ್ರೋಕು, ಅದರ ಸದ್ದೇ ಬೇರೆ. ನಮ್ಮ ಮೈಸೂರಿನ ಗೆಳೆಯರು ಶೋರೂಮಿಂದ ಹೊರಗೆ ಬಂದು "ಗಾಡಿ ಚೆನ್ನಾಗಿದೆ, ಸೌಂಡ್ ಇಲ್ಲ" ಅಂತ ಹೇಳಿದ್ದು ಈಗಲೂ ಕಿವಿಯಲ್ಲಿದೆ. ಆಗ ನಾನು ಅವರನ್ನು ಮುದುಕರು ಅಂತ ಗೇಲಿ ಮಾಡಿದ್ದೆ.

ಅಪ್ಪ ಹೋಗುವ ಹಿಂದಿನ ವರ್ಷ ಊರಿಗೆ ಹೋದಾಗ ಆ ರೋಡ್‌ಕಿಂಗ್ ಸ್ಟಾರ್ಟ್ ಮಾಡುವುದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿದ್ದೆ. 14 ಸೆಕೆಂಡು. ಎರಡು ಕಿಕ್ಕು ಖಾಲಿ ಹೋಗುತ್ತದೆ, ಮೂರನೆಯದಕ್ಕೆ ಹತ್ತಿಕೊಳ್ಳುತ್ತದೆ. ಹಿಂದಿನಿಂದ ಅಮ್ಮನ ದನಿ: "ಸಾಕು ನಿಲ್ಸೀಂದ್ರೆ, ಹೊಗೆಯೆಲ್ಲ ಒಳಗೆ ಬರ್ತಿದೆ." ಈಗ ಭಾನುವಾರ ವಿಡಿಯೊ ಕಾಲ್ ಮುಗಿಯುವ ಹೊತ್ತಿಗೆ ಕೆಲವು ಸಲ ಅಮ್ಮನೇ ಕೇಳುತ್ತಾಳೆ, "ಅದೊಂದ್ಸಲ ಹಾಕು." ನಾನು ಲ್ಯಾಪ್‌ಟಾಪಿನ ಸ್ಪೀಕರಿಗೆ ಜೋಡಿಸಿ, ವಾಲ್ಯೂಮ್ ಪೂರ್ತಿ ಏರಿಸಿ ಹಾಕುತ್ತೇನೆ.

ಹೌದು, ಅದೂ ಸ್ಪೀಕರಿನ ಸದ್ದೇ. ಅಲ್ಲೂ ಎಂಜಿನ್ ಇಲ್ಲ. ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ, ಭಾವನಿಗೆ ಹೇಳಬೇಡಿ.

ಸಂಜೆ ಕುರ್ಚಿ ಮಡಚುವಾಗ ಬೆಳಿಗ್ಗೆಯ ಅದೇ ಡೇಟೋನಾ ವಾಪಸ್ಸು ಬಂತು. ಸಿಗ್ನಲ್ಲಿನಲ್ಲಿ ನಿಂತಿತು. ಪಕ್ಕದ ಲೇನಿನಲ್ಲಿ ಒಂದು ಹಳೆ ಚಾರ್ಜರ್, ನಿಜವಾದ ಹೊಗೆ, ನಿಜವಾದ ನಡುಕ. ಹಸಿರು ಬಿತ್ತು. ಎರಡೂ ಒಟ್ಟಿಗೆ ಗುಡುಗಿದವು, ನನ್ನ ಕೈಯ ರೋಮ ಎದ್ದು ನಿಂತಿತು. ಯಾವುದರ ಸದ್ದಿಗೆ ಎದ್ದಿತು ಅಂತ ಗೊತ್ತಾಗಲಿಲ್ಲ, ಅದೇ ನನಗೆ ಇನ್ನೂ ಸಿಟ್ಟು. ಭಕ್ತ ನೋಡಿಬಿಟ್ಟ. ಗ್ರೂಪಿನಲ್ಲಿ ಆಗಲೇ ಹಾಕಿದ್ದಾನೆ.

ಮುಂದಿನ ವರ್ಷಕ್ಕೆ ಈಗಲೇ ಹೇಳಿಡುತ್ತೇನೆ. ಮರದ ಕೆಳಗಿನ ಜಾಗಕ್ಕೆ ಬೆಳಿಗ್ಗೆ ಆರಕ್ಕೆಲ್ಲ ಹೋಗಬೇಕು. ಪುಳಿಯೋಗರೆ ನಂದೇ. ತೂಕದ ಬಗ್ಗೆ ಮಾತಾಡುವವರಿಗೆ ನೆರಳು, ಸದ್ದಿನ ಬಗ್ಗೆ ಮಾತಾಡುವವರು ಬಿಸಿಲಲ್ಲಿ ಕೂರತಕ್ಕದ್ದು. ನಾನು ಎಲ್ಲಿ ಕೂರುತ್ತೇನೆ ಅಂತ ಕಾಮೆಂಟಿನಲ್ಲಿ ಕೇಳಬೇಡಿ.